ನಲವತ್ತೆಂಟನೆಯ ಕೈ

ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆರೆದರೆ ಎದುರಿನ ಹುಲ್ಲುಗಾವಲಿನಲ್ಲಿ ಕಂಬಗಳು ನಿಂತಿದ್ದವು. ಹನ್ನೆರಡು ಮೀಟರ್ ಎತ್ತರದ ತೆಳ್ಳನೆಯ ಅಲ್ಯೂಮಿನಿಯಂ ಕೊಳವೆಗಳು, ತುದಿಯಲ್ಲಿ ಸೂರಿನ ಇಳಿಜಾರು ತೋರಿಸುವ ಓರೆ ಪಟ್ಟಿಗಳು. ನಮ್ಮಲ್ಲಿ ಕಟ್ಟಡ ಕಟ್ಟುವ ಮೊದಲು ಅದು ಎಷ್ಟು ಎತ್ತರ, ಎಷ್ಟು ಅಗಲ ಎಂದು ಹೀಗೆ ಕಂಬ ನೆಟ್ಟು ಊರಿಗೆಲ್ಲ ತೋರಿಸಬೇಕು. ಕಾನೂನು. ಒಳ್ಳೆಯ ಕಾನೂನೇ ಇರಬಹುದು, ಆದರೆ ಅದನ್ನು ಬರೆದವನು ಆ ಕಂಬಗಳ ಎದುರು ಕೂತು ಕಾಫಿ ಕುಡಿದಿರಲಾರ. ಉತ್ತರದ ಗಾಳಿ ಬೀಸಿದಾಗಲೆಲ್ಲ ಟೊಳ್ಳು ಕೊಳವೆಗಳು ಊಳಿಡುತ್ತಿದ್ದವು. ಕಿಟಕಿ ಮುಚ್ಚಿದರೂ ಆ ಸದ್ದು ಒಳಗೆ ಬರುತ್ತಿತ್ತು.

ಆ ಮನೆಗಳು ಬೇಡವೆಂದು ನಾನು ಅಂದೇ ತೀರ್ಮಾನಿಸಿದೆ. ಕಾರಣ ಆಮೇಲೆ ಹುಡುಕಿಕೊಂಡೆ.

ನಾನು ಕಾಸ್ಪರ್ ಗುಬ್ಲರ್. ಮೂವತ್ತೆರಡು ವರ್ಷ ಈ ಬೆಟ್ಟದ ದಾರಿಗಳಲ್ಲಿ ಅಂಚೆ ಇಲಾಖೆ ನಡೆಸುವ ಹಳದಿ ಬಸ್ಸು ಓಡಿಸಿದವನು. ಹೆಂಡತಿ ರೆಗುಲಾಗೆ ಮೂರು ವರ್ಷದ ಹಿಂದೆ ಪಾರ್ಶ್ವವಾಯು ಬಡಿಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಬುದ್ಧಿಗೆ ಏನೂ ಆಗಿಲ್ಲ ಎಂದು ಡಾಕ್ಟರು ನನ್ನೆದುರೇ ಎರಡು ಸಲ ಹೇಳಿದ್ದಾರೆ. ಎಡಗೈ ಎತ್ತಿದರೆ ಹೌದು, ಮುಷ್ಟಿ ಬಿಗಿದರೆ ಬೇಡ. ಅಷ್ಟರಲ್ಲೇ ಆಕೆ ನನ್ನನ್ನು ದಿನಕ್ಕೆ ಹತ್ತು ಸಲ ಗದರುತ್ತಿದ್ದಳು.

ಬೆಳಿಗ್ಗೆ ಏಳು ಗಂಟೆಗೆ ಸೈಕಲ್ ಮೇಲೆ ಡಿಯೋಲಿಂಡಾ ಬರುತ್ತಿದ್ದಳು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಪೋರ್ಚುಗಲ್ಲಿನವಳು, ಊರಿಗೆ ಬಂದು ಹದಿನೆಂಟು ವರ್ಷವಾಗಿತ್ತು. ರೆಗುಲಾಳ ಮೈ ಒರೆಸಿ, ತಲೆ ಬಾಚಿ, ಊರಿನ ಚಾಡಿಯನ್ನೆಲ್ಲ ಹೇಳಿ ನಗಿಸುತ್ತಿದ್ದಳು. ಮೊದಮೊದಲು ನಾನೇ ಮೈ ಒರೆಸಲು ಹೋಗಿದ್ದೆ, ರೆಗುಲಾ ಮುಷ್ಟಿ ಬಿಗಿದಳು. ಗಂಡನ ಕೈಯಲ್ಲಿ ಮಗುವಿನಂತೆ ಬಿದ್ದಿರುವುದು ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಡಿಯೋಲಿಂಡಾ ಇದ್ದುದರಿಂದ ನಮ್ಮ ಮನೆ ಮನೆಯಾಗಿ ಉಳಿದಿತ್ತು. ಇಲ್ಲದಿದ್ದರೆ ರೆಗುಲಾ ಎಂದೋ ಜಿಲ್ಲಾಕೇಂದ್ರದ ವೃದ್ಧಾಶ್ರಮ ಸೇರಬೇಕಿತ್ತು.

ಸ್ಟೇಷನ್ ಬಳಿ ಡಿಯೋಲಿಂಡಾ ಇದ್ದ ಹಳೆಯ ಕಟ್ಟಡವನ್ನು ಮಾಲೀಕರು ಕೆಡವುವವರಿದ್ದರು. ಸೆಪ್ಟೆಂಬರ್ ಕೊನೆಗೆ ಖಾಲಿ ಮಾಡಬೇಕೆಂದು ಕಾಗದ ಬಂದಿತ್ತು. ಅವಳ ಸಂಬಳಕ್ಕೆ ಸಿಗುವ ಬಾಡಿಗೆ ಮನೆ ಊರಲ್ಲಿ ಒಂದೂ ಇರಲಿಲ್ಲ. ಕಂಬ ನೆಟ್ಟಿದ್ದ ಜಾಗದಲ್ಲಿ ಸಹಕಾರಿ ವಸತಿ ಸಂಘ ಮೂವತ್ತು ಮನೆ ಕಟ್ಟುವುದಿತ್ತು, ಕಡಿಮೆ ಬಾಡಿಗೆಗೆ. ಪಟ್ಟಿಯಲ್ಲಿ ಅವಳ ಹೆಸರು ನಾಲ್ಕನೆಯದು. ಮತವಿರುವ ಊರವರೆಲ್ಲ ಕೂತು ಕೈ ಎತ್ತಿ ತೀರ್ಮಾನಿಸುವ ಊರಸಭೆ ಜಾಗ ಕೊಡಲು ಒಪ್ಪಿದರೆ, ಕಟ್ಟಡ ಮುಗಿಯುವ ತನಕ ಪಕ್ಕದ ಹಳೇ ತೋಟದಮನೆಯಲ್ಲಿ ಇರಲು ಬಿಡುತ್ತೇವೆ ಎಂದು ಸಂಘ ಹೇಳಿತ್ತು. ಒಪ್ಪದಿದ್ದರೆ ಅವಳು ದೂರದ ನ್ಯೂಶಾಟೆಲ್ ಪಟ್ಟಣದಲ್ಲಿದ್ದ ಅಕ್ಕನ ಮನೆಗೆ ಹೊರಡಬೇಕು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಸೌಕರ್ಯ ನನಗಿಲ್ಲ.

ಕಂಬ ನೆಟ್ಟ ದಿನವೇ ಸಂಜೆ ಯೋಸ್ಟ್ ಬಂದ. ಪಕ್ಕದ ಮನೆಯವನು, ಬಡಗಿ. ರೆಗುಲಾ ಆಸ್ಪತ್ರೆಯಿಂದ ಬರುವ ಮುಂಚಿನ ಶನಿವಾರ, ಯಾರೂ ಕೇಳದೆ, ನಮ್ಮ ಮೆಟ್ಟಿಲಿನ ಮೇಲೆ ಗಾಲಿಕುರ್ಚಿಗೆ ಇಳಿಜಾರು ಹಲಗೆ ಕೂರಿಸಿಕೊಟ್ಟವನು. ಕೂಲಿ ಎಂದು ಒಂದು ಬಿಯರ್ ಕುಡಿದು ಹೋಗಿದ್ದ. ಅಂಥವನ ಮಾತು ತೆಗೆದುಹಾಕುವುದು ಹೇಗೆ?

"ಕಂಬ ನೋಡಿದ್ಯಾ?" ಅಂದ.

"ಕಣ್ಣಿದೆಯಲ್ಲ."

"ಮೂವತ್ತು ಮನೆ, ಕಾಸ್ಪರ್. ಅರವತ್ತು ಕಾರು. ಈ ಓಣೀಲಿ ಎರಡು ಹಸು ಎದುರುಬದುರು ಬಂದ್ರೆ ಒಂದು ಹಿಂದಕ್ಕೆ ಹೋಗ್ಬೇಕು."

"ಹಸು ಹಿಂದಕ್ಕೆ ಹೋಗಲ್ಲ."

"ಅದನ್ನೇ ನಾನೂ ಹೇಳ್ತಿರೋದು! ಮಕ್ಕಳು ಇದೇ ದಾರೀಲಿ ಸ್ಕೂಲಿಗೆ ನಡ್ಕೊಂಡ್ ಹೋಗ್ತವೆ. ನೀನು ಬಸ್ ಓಡಿಸ್ದೋನು, ನಿನಗೆ ಹೇಳ್ಬೇಕಾ?"

ಹೇಳಬೇಕಿರಲಿಲ್ಲ. ಒಮ್ಮೆ ನಮ್ಮ ಮನೆ ಮುಂದಿನ ಇದೇ ತಿರುವಿನಲ್ಲಿ ನನ್ನ ಬಸ್ಸಿನ ಮುಂದೆ ಚೆಂಡಿನ ಹಿಂದೆ ಓಡಿಬಂದ ಹುಡುಗಿಯೊಬ್ಬಳಿಗೂ ಬಸ್ಸಿಗೂ ಒಂದು ಗೇಣು ಉಳಿದಿತ್ತು. ಆ ರಾತ್ರಿ ನನಗೆ ಊಟ ಸೇರಿರಲಿಲ್ಲ. ಆದ್ದರಿಂದ ಯೋಸ್ಟ್‌ನ ಭಯ ಸುಳ್ಳೇನೂ ಅಲ್ಲ. ಆ ಭಯದಿಂದ ನಾವು ಏನು ಮಾಡಿದೆವು ಎಂಬುದನ್ನು ಮಾತ್ರ ಈಗ ಸಮರ್ಥಿಸಲಾರೆ.

ಮೊದಲು ಬೂಟುಗಳು ಬಂದವು. ಯೋಸ್ಟ್‌ನ ಹೆಂಡತಿ ಮನೆಮನೆಯಿಂದ ಮಕ್ಕಳ ಹಳೆಯ ಬೂಟು ಸಂಗ್ರಹಿಸಿ, ಓಣಿಯ ಅಂಚಿನುದ್ದಕ್ಕೂ ಜೋಡಿ ಜೋಡಿಯಾಗಿ ಇಟ್ಟಳು. ಶಾಲೆಗೆ ನಡೆದುಹೋಗುವ ಮಗುವಿಗೊಂದರಂತೆ ನಲವತ್ತೊಂದು ಜೊತೆ. ನೋಡಿದವರು ಯೋಚಿಸಲಿ ಎಂದು. ಸತ್ತವರ ನೆನಪಿಗೆ ಇಟ್ಟಂತೆ ಕಾಣುತ್ತಿತ್ತು, ಯಾರೂ ಸತ್ತಿರಲಿಲ್ಲ. ಮಳೆ ಬಂದು ಬೂಟುಗಳಲ್ಲಿ ನೀರು ತುಂಬಿತು. ಮಕ್ಕಳು ಅವುಗಳ ಪಕ್ಕದಲ್ಲೇ ನಡೆಯಲು ಹೆದರಿ ರಸ್ತೆಯ ನಡುವೆ ನಡೆಯತೊಡಗಿದವು.

ಶಾಲೆಯ ಟೀಚರ್ ಸಲೋಮೆ ಊರಪತ್ರಿಕೆಗೆ ಬರೆದಳು. ಮನೆಗಳು ಬರಲಿ, ಓಣಿಯಲ್ಲಿ ಕಾರು ನಿಧಾನ ಮಾಡಿಸೋಣ, ನಮ್ಮನ್ನು ನೋಡಿಕೊಳ್ಳುವವರು ಊರಲ್ಲೇ ಇರುವುದು ಬೇಡವೇ ಎಂದು ಕೇಳಿದಳು. ಮರುದಿನದಿಂದ ಬೇಕರಿಯಲ್ಲಿ ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಅವಳು ಬಾಗಿಲು ತೆರೆದರೆ ಹೊಸ್ತಿಲ ತುಂಬ ಒದ್ದೆ ಬೂಟುಗಳ ರಾಶಿ. ಯಾರು ಸುರಿದರೆಂದು ಯಾರಿಗೂ ಗೊತ್ತಿಲ್ಲ ಎಂದರು. ಎಲ್ಲರಿಗೂ ಗೊತ್ತಿತ್ತು. ಸಲೋಮೆ ಅವನ್ನು ಗಾಡಿಯಲ್ಲಿ ತುಂಬಿಕೊಂಡು ಬಂದು, ಮತ್ತೆ ಜೋಡಿ ಜೋಡಿಯಾಗಿ ಓಣಿಯುದ್ದಕ್ಕೂ ಇಟ್ಟುಹೋದಳು. ಅದನ್ನು ಕಿಟಕಿಯಿಂದ ನೋಡಿದ ನಾನು ಪರದೆ ಎಳೆದೆ.

ಆಮೇಲೆ ಲೆಕ್ಕದ ದಿನ. ಓಣಿಯಲ್ಲಿ ಎಷ್ಟು ವಾಹನ ಓಡಾಡುತ್ತವೆಂದು ಎಣಿಸಿ ಸಭೆಗೆ ಕೊಡೋಣ, ಕಾಸ್ಪರ್ ಎಣಿಸಿದರೆ ಯಾರೂ ತುಟಿ ಬಿಚ್ಚುವುದಿಲ್ಲ ಎಂದು ಯೋಸ್ಟ್ ಹೇಳಿದ. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ. ಮೇ ತಿಂಗಳ ಮಂಗಳವಾರ ಬೆಳಿಗ್ಗೆ ಆರೂವರೆಯಿಂದ ಎಂಟೂವರೆ ತನಕ ತಿರುವಿನಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಬೇರೆ ದಿನವಾದರೆ ಆ ಹೊತ್ತಿನಲ್ಲಿ ತೊಂಬತ್ತು ಕಾರು ಬಂದರೆ ಹೆಚ್ಚು. ಅಂದು ಮುನ್ನೂರ ಹದಿನೆಂಟು.

ಯೋಸ್ಟ್‌ನ ಬೂದು ಸ್ಕೋಡಾ ಹನ್ನೊಂದು ಸಲ ಹೋಯಿತು. ಪ್ರತಿ ಸಲವೂ ಅವನು ನನ್ನನ್ನು ಜನ್ಮದಲ್ಲಿ ಕಂಡಿಲ್ಲದವನ ಹಾಗೆ ಮುಖ ಮುಂದಿಟ್ಟುಕೊಂಡು ಓಡಿಸಿದ. ಬೇಕರಿಯವನ ವ್ಯಾನು, ಗಾಯನ ಮಂಡಳಿಯ ಇಬ್ಬರು ಮುದುಕಿಯರು ಒಂದೇ ಕಾರಿನಲ್ಲಿ, ಯೋಸ್ಟ್‌ನ ಅಳಿಯ, ಎಲ್ಲರೂ ಕೆಳಗೆ ಚರ್ಚ್ ಸುತ್ತಿ ಮತ್ತೆ ಮೇಲೆ. ನಾಲ್ಕನೇ ಸುತ್ತಿನಲ್ಲಿ ನಗು ಬಂತು. ಏಳನೆಯದರಲ್ಲಿ ಹೋಯಿತು. ಎಂಜಿನ್ನುಗಳ ಸದ್ದು, ಕಂಬಗಳ ಊಳು, ಸಾಲು ಬೂಟುಗಳು. ಶಾಲೆಯ ಮಕ್ಕಳು ಬರುವ ಹೊತ್ತಿಗೂ ಯಾರೂ ನಿಲ್ಲಿಸಲಿಲ್ಲ. ಮಕ್ಕಳು ಗೋಡೆಗೆ ಬೆನ್ನು ಒತ್ತಿ ನಿಂತರು. ಒಬ್ಬ ಪುಟ್ಟ ಹುಡುಗ ಅಳತೊಡಗಿದ. ನಾನು ಕಾಗದದ ಮೇಲೆ ಕಾರಿಗೊಂದು ಗೀಟು ಎಳೆಯುತ್ತಿದ್ದೆ.

ಅಂದು ಡಿಯೋಲಿಂಡಾ ಏಳೂವರೆಗೆ ಸೈಕಲ್ ತಳ್ಳಿಕೊಂಡು ಬಂದಳು. ಪ್ಯಾಂಟು ಹರಿದು ಮಂಡಿಯಿಂದ ರಕ್ತ ಇಳಿಯುತ್ತಿತ್ತು.

"ಏನಾಯ್ತು?" ಎಂದೆ.

"ಯಾವುದೋ ಬೂದು ಕಾರು. ಗೋಡೆಗೆ ಒತ್ತಿಬಿಡ್ತು, ಚರಂಡಿಗೆ ಬಿದ್ದೆ. ಏನ್ ಗುಬ್ಲರ್ ಅವರೇ, ಇವತ್ತು ಊರಲ್ಲಿ ಮದುವೆಯಾ? ಇಷ್ಟು ಕಾರು ಎಲ್ಲಿಂದ ಬಂದ್ವು?"

"ಯಾರಿಗೆ ಗೊತ್ತು," ಎಂದೆ.

ಅವಳು ನನ್ನ ಮಡಿಲಲ್ಲಿದ್ದ ಕಾಗದ ನೋಡಿದಳು. ಒಳಗೆ ಹೋಗಿ ಮೊದಲು ರೆಗುಲಾಳ ಮೈ ಒರೆಸಿ, ಆಮೇಲೆ ತನ್ನ ಮಂಡಿ ತೊಳೆದುಕೊಂಡಳು. ಮುನ್ನೂರ ಹದಿನೆಂಟರ ಕೆಳಗೆ ಸಹಿ ಮಾಡುವಾಗ ನನಗೆ ನಾಚಿಕೆಯಾಯಿತು. ಆದರೂ ಮಾಡಿದೆ.

ಊರಸಭೆ ಜೂನ್ ಹದಿನೇಳರಂದು, ಶಾಲೆಯ ಆಟದ ಹಾಲ್‌ನಲ್ಲಿ. ಕರೆಪತ್ರ ಬಂದಾಗ ರೆಗುಲಾಗೂ ಓದಿ ಹೇಳಿದ್ದೆ. ಅವಳು ಕೈ ಎತ್ತಿದಳು.

"ಬರ್ತೀಯಾ? ಎರಡು ಗಂಟೆ ಕೂತ್ಕೋಬೇಕು."

ಮತ್ತೆ ಎತ್ತಿದಳು. ಮುಗಿದ ಮೇಲೆ ಊರಿನ ಖರ್ಚಿನಲ್ಲಿ ಬಿಳಿ ವೈನು, ಚೀಸಿನ ಪುಟ್ಟ ಪೈ ಕೊಡುತ್ತಾರಲ್ಲ, ಅದರಾಸೆ ಎಂದು ನಾನು ಚುಡಾಯಿಸಿದೆ. ಅವಳು ನಗಲಿಲ್ಲ.

ಸಭೆಯ ಸಂಜೆ ಡಿಯೋಲಿಂಡಾ ಬಂದು ನೀಲಿ ಉಣ್ಣೆಯ ಅಂಗಿ ಹಾಕಿ ಕೂದಲು ಕಟ್ಟಿದಳು. ಯೋಸ್ಟ್ ತಾನೇ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಮಧ್ಯದ ಸಾಲುಗಳ ಕೊನೆಯಲ್ಲಿ ನಿಲ್ಲಿಸಿ ಪಕ್ಕದಲ್ಲೇ ಕೂತ. ಈ ದೇಶದ ಪೌರರಲ್ಲದ, ಮತವಿಲ್ಲದವರಿಗೆ ಗೋಡೆಬದಿಯಲ್ಲಿ ಬೇರೆ ಬೆಂಚು. ಡಿಯೋಲಿಂಡಾ ಅಲ್ಲಿ ಕೂತಳು. ಹದಿನೆಂಟು ವರ್ಷವಾದರೂ ಅವಳದು ಆ ಬೆಂಚೇ.

ಸಭೆ ಶುರುವಾಗುವಾಗ ಕೈ ಎಣಿಸುವವರನ್ನು ಆರಿಸುವುದು ಪದ್ಧತಿ. ಎಡಕ್ಕೆ ಒಬ್ಬ, ಬಲಕ್ಕೆ ಒಬ್ಬ, ಮಧ್ಯಕ್ಕೆ ಒಬ್ಬ. "ಮಧ್ಯಕ್ಕೆ ಕಾಸ್ಪರ್! ಎಣಿಸೋದ್ರಲ್ಲಿ ಎತ್ತಿದ ಕೈ!" ಎಂದು ಯಾರೋ ಕೂಗಿದರು. ಹಾಲ್ ಎಲ್ಲ ನಕ್ಕಿತು. ನಾನೂ ನಕ್ಕೆ.

ಒಂದೂವರೆ ಗಂಟೆ ಮಾತಾಯಿತು. ಅಧ್ಯಕ್ಷೆ ಕೊರ್ನೇಲಿಯಾ ಮನೆಗಳ ಪರ. ನಮ್ಮದು ದುಡಿಯುವವರಿಲ್ಲದ ಊರಾಗುತ್ತದೆ ಎಂದಳು. ಯೋಸ್ಟ್ ಎದ್ದು ನನ್ನ ಕಾಗದ ಎತ್ತಿ ಹಿಡಿದ.

"ಎರಡು ಗಂಟೇಲಿ ಮುನ್ನೂರ ಹದಿನೆಂಟು! ಇದು ನಾನ್ ಹೇಳ್ತಿಲ್ಲ, ಮೂವತ್ತೆರಡು ವರ್ಷ ಒಂದು ಕೋಳಿಗೂ ಗಾಲಿ ತಗುಲಿಸ್ದೇ ಇರೋ ಮನುಷ್ಯ ಹೇಳ್ತಿದಾನೆ. ಇದರ ಮೇಲೆ ಇನ್ನೂ ಅರವತ್ತು ಕಾರು ಬೇಕಾ? ಯಾವ ಮಗು ಅಂತ ಈಗ್ಲೇ ಹೇಳ್ಬಿಡಿ, ಹೂವಾದ್ರೂ ತಂದಿಡ್ತೀವಿ."

ಸಲೋಮೆ, "ನಾಚಿಕೆಯಾಗ್ಬೇಕು ನಿಮಗೆ," ಎಂದಳು. ಯಾರೂ ಅವಳತ್ತ ತಿರುಗಲಿಲ್ಲ.

"ಪರವಾಗಿರೋರು ಕೈ ಎತ್ತಿ," ಎಂದಳು ಅಧ್ಯಕ್ಷೆ.

ನಾನು ಮುಂದಿನ ಸಾಲಿನಿಂದ ಎಣಿಸುತ್ತ ಹಿಂದೆ ಬಂದೆ. ಕೈ ಎತ್ತಿದವರು ಅಕ್ಕಪಕ್ಕದವರ ಕಣ್ಣು ತಪ್ಪಿಸಿ ನೆಲ ನೋಡುತ್ತಿದ್ದರು. ಎತ್ತದವರು ಅವರನ್ನೇ ನೋಡುತ್ತಿದ್ದರು, ಒಬ್ಬೊಬ್ಬರನ್ನೇ ಗುರುತಿಟ್ಟುಕೊಳ್ಳುವಂತೆ. ನಲವತ್ತೈದು, ನಲವತ್ತಾರು, ನಲವತ್ತೇಳು. ಆಮೇಲೆ ರೆಗುಲಾ.

ಅವಳ ಎಡಗೈ ಮೇಲಿತ್ತು. ನೀರು ಕೇಳುವಾಗ ಎತ್ತುವಷ್ಟಲ್ಲ, ತೋಳು ಪೂರ್ತಿ ಮೇಲೆ. ಮೊಣಕೈ ನಡುಗುತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು.

ಯೋಸ್ಟ್ ಬಾಗಿ ಪಿಸುಗುಟ್ಟಿದ. "ಅವಳಿಗೇನ್ ಗೊತ್ತಾಗುತ್ತೆ, ಕಾಸ್ಪರ್. ಎಲ್ರೂ ಎತ್ತಿದ್ರು, ಅವಳೂ ಎತ್ತಿದ್ಲು. ಮುಂದಕ್ಕೆ ಹೋಗು."

ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆಯೆಂದು ನನಗೆ ಗೊತ್ತಿತ್ತು. ಸುತ್ತ ಕೂತವರೆಲ್ಲ ನನ್ನ ತುಟಿ ನೋಡುತ್ತಿದ್ದರು. ಗುಬ್ಲರ್‌ನ ಹೆಂಡತಿಯೇ ಆ ಕಡೆ ಎಂದು ನಾಳೆ ಬೇಕರಿಯಲ್ಲಿ ಮಾತು ನಿಲ್ಲುವುದು ಕಣ್ಣಿಗೆ ಕಟ್ಟಿತು. ನಾನು ಮುಂದಕ್ಕೆ ಹೋದೆ. "ಮಧ್ಯ, ನಲವತ್ತೇಳು," ಎಂದು ಕೂಗಿದೆ.

ವಿರೋಧದವರನ್ನು ಎಣಿಸುವಾಗ ನನ್ನ ಕೈಯನ್ನೂ ಎತ್ತಿ ಎಣಿಸಿಕೊಂಡೆ.

ಅಧ್ಯಕ್ಷೆ ಕೂಡಿಸಿ ಓದಿದಳು. "ಪರ, ನೂರ ಅರವತ್ತಮೂರು. ವಿರೋಧ, ನೂರ ಅರವತ್ತನಾಲ್ಕು."

ಸಮಸಮ ಬಂದರೆ ಅಧ್ಯಕ್ಷೆಯ ಮಾತೇ ಕೊನೆ, ಅವಳು ಪರ. ಒಂದು ಕೈ. ನಾನು ಡಿಯೋಲಿಂಡಾಳತ್ತ ನೋಡಲಿಲ್ಲ.

"ಒಂದೇ ವೋಟು!" ಸಲೋಮೆ ಎದ್ದು ನಿಂತಳು. "ಇನ್ನೊಂದ್ಸಲ ಎಣಿಸ್ಬೇಕು."

ಅಧ್ಯಕ್ಷೆ ಒಪ್ಪಿದಳು. ದೇವರು ಇನ್ನೊಂದು ಅವಕಾಶ ಕೊಟ್ಟ ಎಂದುಕೊಂಡೆ. ಈ ಸಲ ಎಣಿಸುತ್ತೇನೆ, ಏನಾದರಾಗಲಿ, ಎಂದು ನಿಜವಾಗಿಯೂ ನಿಶ್ಚಯಿಸಿದ್ದೆ. ನಾನು ಹಾಗಂದುಕೊಂಡಿದ್ದಕ್ಕೆ ಸಾಕ್ಷಿ ಯಾರೂ ಇಲ್ಲ.

ರೆಗುಲಾ ಕೈ ಇಳಿಸಿರಲೇ ಇಲ್ಲ. ಅಷ್ಟು ಹೊತ್ತೂ ಹಾಗೇ ಹಿಡಿದಿದ್ದಳು. ಯೋಸ್ಟ್ ಮೆಲ್ಲಗೆ ಆ ಕೈ ಹಿಡಿದು ಮಡಿಲಿಗೆ ಇಳಿಸಿದ. ಆಚೆ ಪಕ್ಕ ಕೂತಿದ್ದ ತನ್ನ ಹೆಂಡತಿಯ ಶಾಲು ತೆಗೆದು ಅದರ ಮೇಲೆ ಹೊದಿಸಿದ. "ಸಾಕು ರೆಗುಲಾ, ದಣಿದಿದ್ದೀಯ. ಚಳಿಯಾಗುತ್ತೆ ನಿನಗೆ," ಎಂದ. ಜೂನ್ ತಿಂಗಳು, ಮುನ್ನೂರು ಜನರ ಉಸಿರು ತುಂಬಿದ ಹಾಲ್, ಎಲ್ಲರ ಕುತ್ತಿಗೆಯಲ್ಲೂ ಬೆವರು. ಶಾಲಿನ ಮೇಲೆ ತನ್ನ ದಪ್ಪ ಅಂಗೈ ಇಟ್ಟುಕೊಂಡು ಕೂತ. ನೋಡಿದವರಿಗೆ ಒಳ್ಳೆಯ ನೆರೆಯವನು ರೋಗಿಯನ್ನು ಸಂತೈಸುತ್ತಿದ್ದಂತೆ ಕಾಣುತ್ತಿತ್ತು.

"ಪರವಾಗಿರೋರು."

ನಲವತ್ತೈದು, ನಲವತ್ತಾರು, ನಲವತ್ತೇಳು. ರೆಗುಲಾಳ ಮುಂದೆ ನಿಂತೆ. ಶಾಲಿನ ಕೆಳಗೆ ಏನೋ ಒದ್ದಾಡುತ್ತಿತ್ತು. ಅವಳ ಗಂಟಲಿನಿಂದ ಸಣ್ಣ ಸದ್ದು ಬಂತು. ಯೋಸ್ಟ್ ನನ್ನನ್ನು ನೋಡಿ ಮುಗುಳ್ನಕ್ಕ, ಮೂರು ವರ್ಷದ ಹಿಂದೆ ಬಿಯರ್ ಎತ್ತಿ ಹಿಡಿದಾಗ ನಕ್ಕ ಹಾಗೆಯೇ. ಕೈ ತೆಗಿ ಎಂದು ಹೇಳಲು ನನಗೆ ಎರಡು ಪದ ಸಾಕಿತ್ತು.

"ಮಧ್ಯ, ನಲವತ್ತೇಳು," ಎಂದೆ. ಈ ಸಲ ಅದು ಸುಳ್ಳಾಗಿರಲಿಲ್ಲ. ಎತ್ತಿದ್ದ ಕೈಗಳು ಅಷ್ಟೇ ಇದ್ದವು.

ಒಟ್ಟು ಲೆಕ್ಕ ಬದಲಾಗಲಿಲ್ಲ. ಅಧ್ಯಕ್ಷೆ ಕೊನೆಗೆ ಕೇಳಲೇಬೇಕಾದ ಪ್ರಶ್ನೆ ಕೇಳಿದಳು. "ಮತ ಎಣಿಸಿದ ರೀತಿಗೆ ಯಾರದ್ದಾದ್ರೂ ಆಕ್ಷೇಪ ಇದೆಯಾ? ಇದ್ರೆ ಈಗ್ಲೇ ಹೇಳಿ."

ಗೋಡೆಬದಿಯಲ್ಲಿ ಡಿಯೋಲಿಂಡಾ ಎದ್ದು ನಿಂತಳು.

"ಅತಿಥಿಗಳು ಮಾತಾಡೋ ಹಾಗಿಲ್ಲ, ದಯವಿಟ್ಟು ಕೂತ್ಕೊಳ್ಳಿ," ಎಂದಳು ಅಧ್ಯಕ್ಷೆ, ಮೆದುವಾಗಿಯೇ.

ಅವಳು ಅಧ್ಯಕ್ಷೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ನಾನು ಮುಖ ತಿರುಗಿಸಿದೆ. ಅವಳು ಕೂತಳು. ಆಕ್ಷೇಪವಿಲ್ಲ ಎಂದು ಬರೆದುಕೊಂಡರು. ವೈನು ಬಂತು. ಯೋಸ್ಟ್ ತಾನೇ ಒಂದು ಲೋಟ ತಂದು ಕೈಗಿತ್ತು, "ನೀನಿಲ್ದಿದ್ರೆ ಆಗ್ತಾನೇ ಇರ್ಲಿಲ್ಲ," ಎಂದ. ನಾನು ಕುಡಿದೆ.

ಮರುದಿನ ಡಿಯೋಲಿಂಡಾ ಏಳಕ್ಕೇ ಬಂದಳು. ಕೋಣೆಯ ಒಳಗೆ ಹೋಗಿ, ಮೂರು ವರ್ಷದಲ್ಲಿ ಮೊದಲ ಸಲ, ಬಾಗಿಲು ಮುಚ್ಚಿಕೊಂಡಳು. ಒಳಗೆ ನಗುವಿರಲಿಲ್ಲ. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು.

"ನನಗೆ ಆ ಬೆಂಚಿಂದ ಎಲ್ಲಾ ಕಾಣ್ತಿತ್ತು, ಗುಬ್ಲರ್ ಅವರೇ."

"ಯಾರಿಗಾದ್ರೂ ಹೇಳ್ತೀಯಾ?"

"ನಾನ್ ಹೇಳಿದ್ರೆ ಮನೆಯಾಸೆಗೆ ಹೇಳ್ತಿದಾಳೆ ಅಂತಾರೆ. ನೀವು ಹೇಳ್ಬೇಕು. ಜಿಲ್ಲಾ ಕಚೇರಿಗೆ ಬರೀಬಹುದಂತೆ, ಸಲೋಮೆ ಟೀಚರ್ ಹೇಳಿದ್ರು. ಐದು ದಿನದೊಳಗೆ." ಚೀಲ ಹೆಗಲಿಗೇರಿಸಿದಳು. "ನನಗೋಸ್ಕರ ಬೇಡ. ನಾನು ಎಲ್ಲಾದ್ರೂ ಬದುಕ್ತೀನಿ. ರೆಗುಲಾ ಅವರು ಆ ಕೈ ಎತ್ತೋಕೆ ಒಂದು ತಿಂಗಳಿಂದ ನನ್ ಜೊತೆ ಅಭ್ಯಾಸ ಮಾಡಿದ್ರು. ಅಷ್ಟು ಮೇಲಕ್ಕೆ ಏಳ್ತಾನೇ ಇರ್ಲಿಲ್ಲ ಅದು."

ಮೂರನೆಯ ದಿನ ಬರೆದೆ. ಲಕೋಟೆಗೆ ಹಾಕಿ, ಸ್ಟಾಂಪು ಅಂಟಿಸಿ, ಅಂಚೆ ಡಬ್ಬಿಯ ತನಕ ಹೋದೆ. ಯೋಸ್ಟ್ ಎದುರಾದ. ರೆಗುಲಾ ಹೇಗಿದ್ದಾಳೆ, ಭಾನುವಾರ ಊಟಕ್ಕೆ ಬನ್ನಿ ಎಂದ. ಅವನ ಕಣ್ಣು ಲಕೋಟೆಯ ಮೇಲಿತ್ತು. ನಾನು ಅದನ್ನು ಜೇಬಿಗೆ ಹಾಕಿದೆ. ಹೇಡಿತನ ಎನ್ನಿ, ನಾನೂ ಅದನ್ನೇ ಎನ್ನುತ್ತೇನೆ. ಐದನೆಯ ದಿನ ಹೋಯಿತು.

ಜುಲೈನಲ್ಲಿ ಕಂಬಗಳನ್ನು ಕಿತ್ತರು. ಸದ್ದು ನಿಂತಿತು. ರೆಗುಲಾ ದಿನವಿಡೀ ಕಿಟಕಿಯ ಬಳಿ ಕೂತು ಆ ಖಾಲಿ ಹುಲ್ಲುಗಾವಲು ನೋಡುತ್ತಿದ್ದಳು. ಏನು ಕೇಳಿದರೂ ನನಗೆ ಕೈ ಎತ್ತಲಿಲ್ಲ, ಮುಷ್ಟಿಯನ್ನೂ ಬಿಗಿಯಲಿಲ್ಲ. ಡಿಯೋಲಿಂಡಾಳ ಜಾಗಕ್ಕೆ ಜನ ಸಿಗುತ್ತಿಲ್ಲ, ವೃದ್ಧಾಶ್ರಮದ ಪಟ್ಟಿಗೆ ಹೆಸರು ಬರೆಸಿ ಎಂದು ಅವಳ ಕಚೇರಿಯಿಂದ ಫೋನು ಬಂತು. ಸೆಪ್ಟೆಂಬರ್ ಮೂವತ್ತರಂದು ಡಿಯೋಲಿಂಡಾ ರೆಗುಲಾಳ ತಲೆ ತೊಳೆದು, ಬಾಚಿ, ಹಣೆಗೆ ಮುತ್ತಿಟ್ಟು ಹೋದಳು. ನನ್ನ ಕೈ ಕುಲುಕಿದಳು.

ಮರುದಿನ ಏಳು ಗಂಟೆಗೆ ನಾನೇ ಬೋಗುಣಿಯಲ್ಲಿ ಬಿಸಿನೀರು, ಟವೆಲ್ಲು ತೆಗೆದುಕೊಂಡು ಕೋಣೆಗೆ ಹೋದೆ. "ರೆಗುಲಾ, ಇನ್ನು ನಾನೇ," ಎಂದೆ. ಅವಳು ನನ್ನನ್ನು ನೋಡಿದಳು. ಎಡಗೈಯಿಂದ ಹೊದಿಕೆಯನ್ನು ಗದ್ದದ ತನಕ ಎಳೆದುಕೊಂಡು ಬಿಗಿಯಾಗಿ ಹಿಡಿದಳು. ಯಾರೋ ಗುರುತಿಲ್ಲದ ಗಂಡಸು ಕೋಣೆಗೆ ನುಗ್ಗಿದಾಗ ಹೆಂಗಸರು ಹಿಡಿಯುವ ಹಾಗೆ.

ನೀರು ತಣ್ಣಗಾಗುವ ತನಕ ನಿಂತಿದ್ದೆ. ಮತ್ತೆ ಬಿಸಿ ಮಾಡಿಕೊಂಡು ಬಂದೆ. ಅವಳು ಹೊದಿಕೆ ಬಿಟ್ಟಿರಲಿಲ್ಲ.